ಹಿತ್ತಾಳೆ ಕಿವಿಗೆ ರಬ್ಬರ್ ಟೋಪಿ

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ, ಊದಿದ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಕೂತಿದ್ದ ಬಸ್ ಕಂಡಕ್ಟರನಿಗೆ ಬಾಯಿ ತೆರೆಯಲು ಆಗುತ್ತಿರಲಿಲ್ಲ. ಕಿವಿ ಮಾತ್ರ ಚುರುಕಾಗಿತ್ತು. ಒಳಗೆ ಡ್ರಿಲ್ ಗುಂಯ್‌ಗುಡುತ್ತಿತ್ತು. ಆ ಸದ್ದಿಗೇ ಅರ್ಧ ಜೀವವಾಗಿದ್ದ ಪಕ್ಕದ ಗಂಡಸಿನ ಇಯರ್‌ಫೋನಿಗೆ ಅವನ ಹೆಂಡತಿ ಹೊಸ ರಬ್ಬರ್ ಟೋಪಿಗಳನ್ನು ಒಂದೊಂದಾಗಿ ಹಾಕಿ ನೋಡುತ್ತಿದ್ದಳು.

“ಚಿಕ್ಕದು ಜಾರುತ್ತೆ ಕಣೇ.”

“ಹಾಗಾದ್ರೆ ದೊಡ್ಡದು ಹಾಕ್ತೀನಿ.”

“ಅಯ್ಯೋ, ಒತ್ತುತ್ತೆ!”

“ನಿಮ್ಮದು ಹಿತ್ತಾಳೆ ಕಿವಿ ರೀ. ನಿಮ್ಮಕ್ಕ ಹೇಳಿದ್ದೆಲ್ಲ ಸಲೀಸಾಗಿ ಒಳಗೆ ಹೋಗುತ್ತೆ, ಇಷ್ಟು ಮೆತ್ತಗಿನ ರಬ್ಬರ್ ಹೋಗಲ್ಲ. ತಗೊಳ್ಳಿ, ಮಧ್ಯದ್ದು.”

“ಹ್ಞಾ, ಇದು ಹಿತವಾಗಿದೆ.”

ಅವನು ಹಾಡು ಹಾಕಿಕೊಂಡು ಕಣ್ಣು ಮುಚ್ಚಿದ.

“ರೀ, ಡ್ರಿಲ್ ಕೇಳಿಸ್ತಿದೆಯಾ?”

ಅವನು ತಾಳಕ್ಕೆ ತಲೆದೂಗುತ್ತಿದ್ದ.

“ಒಂದಲ್ಲ, ಎರಡು ಹಲ್ಲು ಕೀಳ್ತಾರಂತೆ!”

ಅದಕ್ಕೂ ತಲೆದೂಗಿದ. ಅವಳಿಗೆ ಧೈರ್ಯ ಬಂತು.

“ನಿಮ್ಮ ನೀಲಿ ಕಾಫಿ ಕಪ್ಪು ಒಡೆದದ್ದು ಬೆಕ್ಕಲ್ಲ ರೀ, ನಾನು.”

ತಾಳ ತಪ್ಪಲಿಲ್ಲ.

“ಸದ್ಯ, ಸರಿಯಾಗಿ ಕೂತಿದೆ,” ಎಂದು ಅವಳು ಹಗುರಾದಳು.

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು ಕರೆದಳು. ಅವನು ಎದ್ದು ಹೆಂಡತಿಯ ಮುಂದೆ ಕೈಚಾಚಿದ.

“ಆ ದೊಡ್ಡದನ್ನೇ ಕೊಡು, ಒತ್ತಿದ್ರೆ ಒತ್ತಲಿ. ಇದರಲ್ಲಿ ಎಲ್ಲಾ ಕೇಳಿಸುತ್ತೆ.”

“ಎಲ್ಲಾನಾ?”

ಹೊಸ್ತಿಲಲ್ಲಿ ನಿಂತು ಅವನು ತಿರುಗಿದ.

“ಕಪ್ಪಿನ ವಿಷಯ ಆವತ್ತೇ ಗೊತ್ತಿತ್ತು ಕಣೇ. ಬೆಕ್ಕು ಒಡೆದ್ರೂ ಒಡೆದೀತು. ಚೂರು ಗುಡಿಸಿ ಬಚ್ಚಿಡಲ್ಲ.”