ಹತ್ತೇ ಜನಕ್ಕೆ

ಗಂಡ ಪ್ರಾಪ್ತೊನನ್ನು ಮಣ್ಣು ಮಾಡಿ, ಏಳು ರಾತ್ರಿಯ ಪ್ರಾರ್ಥನೆಯೂ ಮುಗಿದ ಮೇಲೆ ಬಂದ ಮೊದಲ ಮಾಮೂಲಿ ಬೆಳಗು ಅದು. ರೆತ್ನೊ ಬೀದಿಗೆ ಬಂದಾಗ ತರಕಾರಿಯವನ ಬೈಕಿನ ಮುಂದೆ ನೆರೆಮನೆಯ ವಾರ್ಸಿತಿ ಮತ್ತು ಸುಮಿ ಅವಳಿಗೆ ಬೆನ್ನು ಹಾಕಿ ನಿಂತಿದ್ದರು.

“ಹಾಂಗ್‌ಕಾಂಗಿಂದ ಮಗಳು ಫೋನು ಕಳಿಸಿ ಎರಡು ತಿಂಗಳಾಗಿಲ್ಲ. ನಂಗೇನು ಗೊತ್ತೇ ಸುಮಿ?”

“ಮಕ್ಕಳ ಕಳ್ಳ ಬಂದಿದಾನೆ ಅಂತ ವಾಟ್ಸಾಪಲ್ಲಿ ಮೊದಲು ಹಾಕಿದ್ದು ನೀನೇ ಅಲ್ವೇನಕ್ಕಾ?”

“ನಾನೆಲ್ಲಿ ಬರೆದೆ? ಬಂದದ್ದನ್ನ ಮುಂದೆ ತಳ್ಳಿದೆ. ಹತ್ತು ಜನಕ್ಕೆ ಕಳಿಸಿ ಅಂತಿತ್ತು, ಎಣಿಸಿ ಹತ್ತೇ ಜನಕ್ಕೆ ಕಳಿಸಿದೆ. ಅರವತ್ತು ವರ್ಷದಲ್ಲಿ ಯಾರೂ ನನ್ನ ಮಾತು ಕೇಳಿರಲಿಲ್ಲ ಕಣೇ. ಅವತ್ತು ಎಲ್ಲರೂ ಕೈಮುಗಿದು ಉತ್ತರ ಹಾಕಿದ್ರು.”

“ಪಕ್ಕದೂರಲ್ಲಿ ಪ್ರಾಪ್ತೊನ್ನ ನೂರು ಜನ ಮುತ್ತಿಕೊಂಡ್ರು. ಬಿದಿರಲ್ಲಿ, ಇಟ್ಟಿಗೇಲಿ ಜಜ್ಜಿದಾರೆ. ಮುಖವೇ ಉಳಿದಿರಲಿಲ್ಲ. ರೆತ್ನೊ ಕಾಲು ನೋಡಿ ಗುರುತು ಹಿಡಿದಳಂತೆ.”

“ಬಿಡೇ, ಕೇಳಕ್ಕಾಗಲ್ಲ.”

“ಕೇಳಕ್ಕಾಗಲ್ವಾ? ಹೊಡೆಯೋ ವಿಡಿಯೋ ನಂಗೆ ಕಳಿಸಿದ್ದೂ ನೀನೇ.”

“ಅದು ನಮ್ಮ ಪ್ರಾಪ್ತೊ ಅಂತ ಆಗ ಗೊತ್ತಿರಲಿಲ್ಲ. ಅವನಾದ್ರೂ ಒದ್ದಾಡೋ ಗೋಣಿಚೀಲ ಬೈಕಿಗೆ ಕಟ್ಕೊಂಡು ಯಾಕೆ ಹೋಗಬೇಕಿತ್ತು?”

ತರಕಾರಿಯವನು ಕೆಮ್ಮಿದ. ಸುಮಿ ತಿರುಗಿ ನೋಡಿದವಳೇ ಸೋಯಾಕಾಳಿನ ತೆಂಪೆ ಪೊಟ್ಟಣ ಎತ್ತಿಕೊಂಡು ಸರಸರನೆ ನಡೆದುಬಿಟ್ಟಳು. ವಾರ್ಸಿತಿಗೆ ಕಾಲು ಕೀಳಲಾಗಲಿಲ್ಲ.

ರೆತ್ನೊ ಕಂಕುಳಲ್ಲಿ ಮಡಿಸಿ ಇಟ್ಟುಕೊಂಡಿದ್ದ ಗೋಣಿಚೀಲವನ್ನು ಅವಳ ಕೈಗೆ ಕೊಟ್ಟಳು.

“ಒಳಗಿದ್ದದ್ದು ಆಡಿನ ಮರಿ, ದೊಡ್ಡಮ್ಮ. ಚೀಲ ನಿಮ್ಮದೇ, ಅವತ್ತು ಬೆಳಿಗ್ಗೆ ಇವರು ನಿಮ್ಮ ಹತ್ರ ಇಸ್ಕೊಂಡಿದ್ರು. ಎರಡು ಸಲ ಒಗೆದೆ, ಕಲೆ ಹೋಗಲಿಲ್ಲ.”