ಡಾಕ್ಟರು ಯಾರಿಗೆ ಹೇಳಬೇಕು?

ಪುಣೆಯ ಆಸ್ಪತ್ರೆಯೊಂದರಲ್ಲಿ ವಿದೇಶಿ ರೋಗಿಗಳ ಸಾಲು ನೈರೋಬಿಯಿಂದಲೇ ಶುರುವಾದಂತಿತ್ತು. ಗೋಡೆಯಾಚೆ ಇರುವೆ ಕೆಮ್ಮಿದರೂ ನನ್ನ ಕಿವಿಗೆ ಕೇಳಿಸುತ್ತದೆ. ಇವರಂತೂ ನನ್ನ ಮುಂದೆಯೇ ಇದ್ದರು, ಕೀನ್ಯಾ ಪಾಸ್‌ಪೋರ್ಟಿನ, ಧಾರವಾಡ ಮೂಲದ ಗಂಡ ಹೆಂಡತಿ. ಮರುದಿನ ಹೆಂಡತಿಗೆ ಹೃದಯದ ಆಪರೇಶನ್.

“ಡಾಕ್ಟರು ಸುದ್ದಿ ಯಾರಿಗೆ ಹೇಳಬೇಕು ಅಂದ್ರ ತಂಗಿ ಹೆಸರು ಹೇಳೀಯಲ್ಲ ಇಂದೂ, ನಾನೇನು ಹೊರಗಿನವನೇನು?”

“ಆ ಕೌಂಟರಿನ ಹುಡುಗಿ ಬಾಯಿಲೇ ಹೇಳ್ರಿ ಅಂದಳು. ನಿಮ್ಮ ಹೆಸರು ಹೆಂಗ ಹೇಳ್ಲಿ?”

“ನೈರೋಬಿಯೊಳಗ ನಲವತ್ತು ವರ್ಷ ಕಾರು ಓಡಿಸಿದಾಕಿ ನೀನು!”

“ಗಂಡನ ಹೆಸರು ಹೇಳಿದ್ರ ಆಯುಷ್ಯ ಕಡಿಮಿ ಆಗ್ತದ. ಕಾರಿಗೇನಾಗ್ತದ?”

“ನಾನಽ ಹೇಳ್ತೀನಿ ಅಂದೆ. ಪೇಶಂಟೇ ಹೇಳಬೇಕಂತ, ಅದು ನಿನ್ನ ಹಕ್ಕಂತ. ನೀ ಹೇಳದಿದ್ರ ನಾಳೆ ನನಗ ಯಾರೂ ಏನೂ ಹೇಳಂಗಿಲ್ಲ.”

“ತಂಗಿ ಹೇಳ್ತಾಳಲ್ರಿ.”

“ಆಕಿ ಹೇಳೂತನಕ ನಾ ಉಳೀಬೇಕಲ್ಲ.”

ಇಂದೂ ಸೆರಗು ಬಾಯಿಗಿಟ್ಟುಕೊಂಡು ಕೌಂಟರಿನತ್ತ ಬಾಗಿದರು.

“ಮಾರ್ತಾಂಡ ದೇಸಾಯಿ.”

“ಕೇಳಿಸಲಿಲ್ಲ, ಮತ್ತೊಮ್ಮೆ ಹೇಳಿ,” ಎಂದಳು ಹುಡುಗಿ ಮರಾಠಿಯಲ್ಲಿ.

ಇಂದೂ ಗಾಬರಿಯಿಂದ ಗಂಡನ ಮುಖ ನೋಡಿದರು.

“ಹೇಳು, ಹೇಳು. ನನಗ ಭಾಳ ಆಯುಷ್ಯ ಅದ.”

ಈ ಸಲ ಇಂದೂ ಇಡೀ ಪುಣೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿ, ಗಂಡನ ಕೈ ಹಿಡಿದುಕೊಂಡೇ ಲಿಫ್ಟಿನತ್ತ ನಡೆದರು.