ಬಲಗಡೆಯ ಸ್ಪೀಕರ್ ಇನ್ನೂ ಮಾತಾಡಿಲ್ಲ

ಎಲ್ಲರಿಗೂ ಶರಣು, ನಮಸ್ಕಾರ, ಜೈಭೀಮ್.

ಜೋಗಮ್ಮನವರೇ, ಮಂಡಿ ನೋವು ಹೇಗಿದೆ? ನೆಲದ ಮೇಲೆ ಕೂರಬೇಡಿ, ಯಾರಾದರೂ ಕ್ರಾಂತಿಯ ತಾಯಿಗೊಂದು ಕುರ್ಚಿ ಕೊಡಿ. ತಿಪ್ಪೇಶ, ಬೆಳಿಗ್ಗೆ ಏನಾದರೂ ಹೊಟ್ಟೆಗೆ ಹಾಕಿಕೊಂಡೆಯಾ? ತಲೆ ಆಡಿಸಬೇಡ, ನಿಜ ಹೇಳು. ಅನ್ನದಾನಮ್ಮ, ಕಣ್ಣಿನ ಆಪರೇಷನ್ ಆದಮೇಲೆ ಬಿಸಿಲಿಗೆ ಕನ್ನಡಕ ಹಾಕುತ್ತಿದ್ದೀರಿ ತಾನೇ? ಉಚ್ಚಂಗೆಮ್ಮಜ್ಜಿ, ಹಂಪಸಾಗರದಿಂದ ಈ ಕೆಮ್ಮು ಹೊತ್ತುಕೊಂಡು ಬಂದಿದ್ದೀರಿ — ಬಂದದ್ದು ದೊಡ್ಡದು. ಅರುಣ್ ಕುಮಾರ್, ಹರಪನಹಳ್ಳಿಯಲ್ಲಿ ಎಲ್ಲ ಕ್ಷೇಮವೇ?

ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಈ ನಮ್ಮ ಹಗರಿಬೊಮ್ಮನಹಳ್ಳಿ — ಐದೂ ತಾಲ್ಲೂಕಿನ ಗ್ರಂಥಾಲಯದವರು ಒಟ್ಟಿಗೆ ಒಂದು ಸಭಾಭವನದಲ್ಲಿ ಕೂತದ್ದು ನನಗೆ ನೆನಪಿಲ್ಲ. ಕೂಡಿಸಿದವಳು ಕ್ರಾಂತಿ. ಹೀಗೆ ಕೂಡಿಸಬಾರದಿತ್ತು.

ಆಕೆಯ ಕಡೆಯ ನೆಂಟರು, ಊರಿನವರು ಅನೇಕರು ಬಂದಿದ್ದೀರಿ. ನಿಮಗೆ ನಮ್ಮ ಕೆಲಸ ಗೊತ್ತಿರಲಿಕ್ಕಿಲ್ಲ. ಎರಡು ಮಾತು ಹೇಳುತ್ತೇನೆ. ಕ್ರಾಂತಿ ಹಂಪಸಾಗರದ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ನಾನು ಬಾಗಳಿಯ ಗ್ರಂಥಾಲಯದವನು. ಕೆಲವು ವರ್ಷಗಳ ಹಿಂದೆ ಯಾವುದೋ ಕಂಪನಿಯವರು ತಾವು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳನ್ನು ನಮಗೆ ದಾನ ಕೊಟ್ಟರು. ಎಲ್ಲವೂ ಒಂದೇ ಮಾದರಿ. ಒಳಗೆ ಲಿನಕ್ಸ್. ಲಿನಕ್ಸ್ ಅಂದರೆ — ಯಾರೂ ಯಾರಿಗೂ ದುಡ್ಡು ಕೊಡಬೇಕಿಲ್ಲ, ಲೋಕದ ಮೂಲೆಮೂಲೆಯ ಜನ ಸೇರಿ ಕಟ್ಟಿಕೊಂಡು ಬಂದಿರುವ ಒಂದು ವ್ಯವಸ್ಥೆ. ಬಂದದ್ದೇನೋ ಬಂತು. ಒಂದಕ್ಕೂ ವೈಫೈ ಕಾಣಿಸುತ್ತಿರಲಿಲ್ಲ. ಮುಚ್ಚಳ ಮುಚ್ಚಿದರೆ ಮಲಗುತ್ತಿತ್ತು, ತೆರೆದರೆ ಏಳುತ್ತಿರಲಿಲ್ಲ. ನಾವು ಪೆಟ್ಟಿಗೆಗೆ ಹಾಕಿ ಕಪಾಟಿನ ಮೇಲಿಟ್ಟೆವು. ಕ್ರಾಂತಿ ಮಾತ್ರ ಇಡಲಿಲ್ಲ.

ಮಷಿನ್ನಿನ ಭಾಗಗಳನ್ನು ಲಿನಕ್ಸ್‌ಗೆ ಪರಿಚಯಿಸುವ 'ಡ್ರೈವರ್' ಎಂಬ ತಂತ್ರಾಂಶ ಹುಡುಕಿ ಹಾಕಿ, ಒಂದೊಂದೇ ಸರಿಮಾಡಿದಳು. ತನ್ನದಾದಮೇಲೆ ನಮ್ಮದಕ್ಕೆ ಬಂದಳು. ಗುರುವಾರದ ರಜೆಯಲ್ಲಿ ಬಸ್ಸು ಹತ್ತಿ ಊರೂರು ತಿರುಗಿದಳು.

ಅನ್ನದಾನಮ್ಮ, ಆ ಆಯುಧಪೂಜೆಯ ಕಥೆ ಹೇಳಲೇ? ಸಿಟ್ಟಿಲ್ಲ ತಾನೇ? ನಗುತ್ತಿದ್ದಾರೆ, ಹೇಳುತ್ತೇನೆ. ಹಬ್ಬ ಆಗಿ ಎರಡು ದಿನಕ್ಕೆ ಕೊಟ್ಟೂರು ಗ್ರಂಥಾಲಯದಿಂದ ಇವರ ಫೋನು — "ಕ್ರಾಂತೀ, ಕ್ಯಾಮೆರಾ ಸತ್ತೈತಿ ನೋಡವ್ವಾ. ನಿನ್ನ ಲಿನಕ್ಸು ಅದನ್ನ ತಿಂದುಬಿಟ್ಟೈತಿ!" ಅವಳು ಅಲ್ಲಿಂದ ಒಂದೊಂದೇ ಆಜ್ಞೆ ಹೇಳಿದಳು, ಇವರು ಇಲ್ಲಿ ಒಂದೊಂದೇ ಅಕ್ಷರ ಕುಟ್ಟಿದರು. ಎಲ್ಲ ಸರಿ ಇದೆ ಅಂತ ಮಷಿನ್ ಹೇಳುತ್ತದೆ, ಪರದೆ ಮಾತ್ರ ಕತ್ತಲು. ಕೊನೆಗೆ ಬಸ್ಸು ಹತ್ತಿ ಬಂದಳು. ನೋಡಿದರೆ — ಪರದೆಯ ನೆತ್ತಿಯ ಮೇಲೆ ಮೂರು ಬೆರಳ ವಿಭೂತಿ, ನಟ್ಟನಡುವೆ, ಕ್ಯಾಮೆರಾದ ಕಣ್ಣಿನ ಮೇಲೇ ಸರಿಯಾಗಿ, ಕುಂಕುಮದ ಬೊಟ್ಟು! ಕ್ರಾಂತಿ ಸೊಂಟದ ಮೇಲೆ ಕೈ ಇಟ್ಟು ಕೇಳಿದಳಂತೆ:

"ಅಕ್ಕಾರ, ಇದಕ್ಕ ಯಾವ ಡ್ರೈವರ್ ಹಾಕ್ಲಿ ಹೇಳ್ರಿ?"

ಇವರೇನು ಕಡಿಮೆಯೇ? "ಮೂರನೇ ಕಣ್ಣಿಗೆ ಬೊಟ್ಟು ಇಟ್ಟೀನಿ, ತಪ್ಪೇನೈತಿ? ಬಸ್ಸಿಗೆ ಬಂದೀದಿ, ಚಾ ಕುಡದು ಹೋಗು."

ನಗಿ, ನಗಿ. ಅವಳೂ ಇದನ್ನು ಹೇಳಿ ಹೇಳಿ ನಗುತ್ತಿದ್ದಳು.

ಆದರೆ ಸ್ಪೀಕರ್ — ಅದೊಂದು ಅವಳಿಗೆ ಬಗ್ಗಲಿಲ್ಲ. ಇಯರ್‌ಫೋನ್ ಚುಚ್ಚಿದರೆ ಸದ್ದು ಬರುತ್ತಿತ್ತು, ತೆಗೆದರೆ ಮಷಿನ್ ಮೂಕ. ಯಾಕೆ ಅಂತ ನಾನು ಕೇಳಿದ್ದೆ. "ಕಾಕಾ, ಟ್ಯಾಂಕಿನ್ಯಾಗ ನೀರೈತಿ. ಪೈಪೂ ಐತಿ. ಆದ್ರ ಯಾವ ವಾಲ್ವ್ ತಿರುವಿದ್ರ ಯಾವ ಓಣಿಗೆ ನೀರು ಹೊಕ್ಕೈತಿ ಅಂತ ನೀರುಗಂಟಿಗೆ ಗೊತ್ತಿಲ್ಲ. ಈ ಮಾದರಿ ಮಷಿನ್ನಿನ ವಾಲ್ವ್ ಎಲ್ಲೈತಿ ಅಂತ ಲಿನಕ್ಸ್‌ಗೆ ಯಾರಾರ ಹೇಳ್ಬೇಕು." ಅಷ್ಟೇ ವಿಷಯ. ಇದಕ್ಕಿಂತ ಸರಳವಾಗಿ ನನಗೆ ಯಾರೂ ಹೇಳಿಲ್ಲ.

ಸ್ಪೀಕರ್ ಯಾಕೆ ಬೇಕಿತ್ತು? ಉಚ್ಚಂಗೆಮ್ಮಜ್ಜಿಯನ್ನು ಕೇಳಿ. ಹಂಪಸಾಗರದ ಗ್ರಂಥಾಲಯಕ್ಕೆ ಮಧ್ಯಾಹ್ನ ಓದಲು ಬಾರದ ಹೆಣ್ಣುಮಕ್ಕಳು ಬಂದು ಕೂರುತ್ತಿದ್ದರು. ಪತ್ರಿಕೆ, ಕಥೆ, ಪಂಚಾಯಿತಿಯ ನೋಟೀಸು — ಮಷಿನ್ನೇ ಕನ್ನಡದಲ್ಲಿ ಓದಿ ಹೇಳುವಂತೆ ಕ್ರಾಂತಿ ಮಾಡಿಟ್ಟಿದ್ದಳು. ಆದರೆ ಇರುವುದು ಒಂದು ಇಯರ್‌ಫೋನ್. ಇಬ್ಬರು ತಲೆಗೆ ತಲೆ ತಾಗಿಸಿ ಒಂದೊಂದು ಕಿವಿಗೆ ಇಟ್ಟುಕೊಳ್ಳಬೇಕು, ಉಳಿದವರು ಅವರ ಮುಖ ನೋಡಬೇಕು. ಅಜ್ಜಿ ಬೈಯುತ್ತಿದ್ದರು — "ಇದ್ಯಾವ ಊರಿನ ಕನ್ನಡಾನಲೇ ಯವ್ವಾ! ಅದೂ ನನ್ನ ಕಿವಿಗೊಂದು ತುಣುಕು, ಆಕೀ ಕಿವಿಗೊಂದು ತುಣುಕು. ಎಲ್ರೂ ಕೇಳಂಗ ಒದರ್ಸು ಅದನ್ನ!"

ಹರಪನಹಳ್ಳಿ ಗ್ರಂಥಾಲಯದ ಅರುಣ್ ಕುಮಾರ್ ಒಮ್ಮೆ ಹೇಳಿದ್ದರು, ಪೇಟೆಯಲ್ಲಿ ಸಣ್ಣ ಸ್ಪೀಕರ್ ಸಿಗುತ್ತದೆ, ತಂದು ಹಚ್ಚಿಬಿಡು ಅಂತ. ಅದಕ್ಕೆ ಅವಳ ಉತ್ತರ: "ತರ್ತೀನಿ ಸರ್. ನನ್ನ ಲೈಬ್ರರಿಗೆ ಮುಗೀತು. ಈ ಮಷಿನ್ ಇರೋ ಉಳಿದೋರೆಲ್ಲ ಏನ್ ಮಾಡ್ತಾರ? ಬೇರಿಗೇ ಹಾಕೋಣ್ರಿ ನೀರು."

ಬೇರಿಗೆ ಹಾಕುವುದು ಅಂದರೆ ಲಿನಕ್ಸ್ ಕಟ್ಟುವವರಿಗೇ ಬರೆಯುವುದು. ಬರೆದಳು. ಎಲ್ಲೋ ದೂರದ ದೇಶದ ಒಬ್ಬ ಮನುಷ್ಯ ಉತ್ತರ ಕೊಟ್ಟ. ಅವನ ಹತ್ತಿರ ಈ ಮಾದರಿಯ ಮಷಿನ್ ಇಲ್ಲ. ಅವನು ಊಹಿಸಿ ದುರಸ್ತಿ ಬರೆದು ಕಳಿಸಬೇಕು, ಇವಳು ಅದನ್ನು ಮಷಿನ್ನಿಗೆ ಹಾಕಿ ನೋಡಬೇಕು. ಅವನಿಗೆ ಕಿವಿ ಇವಳೇ. ವರ್ಷದ ಮೇಲೆ ನಡೆಯಿತು ಈ ವ್ಯವಹಾರ. ಹಾಕಿದಳು, ಬರಲಿಲ್ಲ ಅಂತ ಬರೆದಳು. ಮತ್ತೆ ಹಾಕಿದಳು, ಬರಲಿಲ್ಲ ಅಂತ ಬರೆದಳು.

ಅಷ್ಟರಲ್ಲಿ ಜ್ವರ. ಸಾಮಾನ್ಯ ಜ್ವರ ಅಂತಲೇ ಎಲ್ಲರೂ ತಿಳಿದೆವು. ನಾನು ಆಸ್ಪತ್ರೆಗೆ ಹೋದಾಗ ಮಾತು ಸಣ್ಣದಾಗಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. "ಕಾಕಾ, ಆ ಮನುಷ್ಯ ಹೊಸಾದು ಕಳಿಸ್ಯಾನ. ಈ ಸಲ ಬರ್ತೈತಿ ಅನಸ್ತೈತಿ. ಹಾಕಿ ನೋಡ್ಬೇಕು."

ನಾನು ಹೇಳಿದೆ, "ಮೊದ್ಲು ನೀ ಎದ್ದು ಕುಂದ್ರವ್ವಾ. ಅದೆಲ್ಲಿಗೆ ಓಡಿ ಹೊಕ್ಕೈತಿ?"

ಅದು ಓಡಿ ಹೋಗಲಿಲ್ಲ.

— ಕ್ಷಮಿಸಿ. ನೀರು ಕೊಡಿ ಸ್ವಲ್ಪ.

ಇಲ್ಲಿಯವರೆಗೆ ಮಾತಾಡಿದವರೆಲ್ಲ ಅವಳ ಒಳ್ಳೆಯ ಗುಣಗಳನ್ನೇ ಹೇಳಿದಿರಿ. ಹೋದವರ ಕುಂದು ಎಣಿಸಬಾರದು ಅಂತ ಪದ್ಧತಿ. ಆದರೆ ಕ್ರಾಂತಿಗೆ ಬರೀ ಹೊಗಳಿಕೆ ಆಗುತ್ತಿರಲಿಲ್ಲ. ನಾವು ಫೋನ್ ಮಾಡಿ 'ಸರಿ ಇಲ್ಲ' ಅಂದರೆ 'ಏನು ಸರಿ ಇಲ್ಲ' ಅಂತ ಕೇಳುವಳು. 'ಎಲ್ಲ ಸರಿ ಇದೆ' ಅಂದರೂ 'ಏನು ಸರಿ ಇದೆ' ಅಂತ ಕೇಳುವಳು. ಆದ್ದರಿಂದ ಅವಳ ಒಂದು ಕುಂದು ಹೇಳುತ್ತೇನೆ. ಜೋಗಮ್ಮನವರೇ, ಬೇಸರ ಮಾಡಿಕೊಳ್ಳಬೇಡಿ. ಅವಳಿಗೆ ತಾಳ್ಮೆ ಮಷಿನ್ನಿನ ಜೊತೆಗಿತ್ತು, ನಮ್ಮ ಜೊತೆಗಿರಲಿಲ್ಲ. ನಾವು ಒಂದು ಅಕ್ಷರ ಹುಡುಕುವಷ್ಟರಲ್ಲಿ "ಕೊಡ್ರಿ ಇತ್ಲಾಗ" ಅಂತ ಲ್ಯಾಪ್‌ಟಾಪ್ ಎಳೆದುಕೊಂಡು ತಾನೇ ಮುಗಿಸಿಬಿಡುತ್ತಿದ್ದಳು. ನಮಗೂ ಸುಖವಾಗಿತ್ತು. ಹೀಗಾಗಿ ಐದು ತಾಲ್ಲೂಕಿನಲ್ಲಿ ಕಲಿತವರು ಒಬ್ಬರೂ ಇಲ್ಲ. ನಿಧಾನವಾಗಿ ಹೇಳಿಕೊಟ್ಟಿದ್ದರೆ, ಕ್ರಾಂತೀ, ನಿನಗಾಗಿ ನಾವು ಆ ಸದ್ದು ಎಬ್ಬಿಸಿ ಫೋನಿನಲ್ಲಿ ಆಸ್ಪತ್ರೆಯ ಹಾಸಿಗೆಗೇ ಕೇಳಿಸುತ್ತಿದ್ದೆವು. ಆ ಕೊರಗು ನನಗೆ ಹೋಗುವುದಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಆ ಮನುಷ್ಯನಿಗೆ ನಾನೇ ಬರೆದೆ, ಕ್ರಾಂತಿ ಇಲ್ಲ ಅಂತ. ನನ್ನ ಇಂಗ್ಲಿಷು ನಿಮಗೆ ಗೊತ್ತಲ್ಲ; ಆದರೆ ಆ ಮಾತಿಗೆ ಹೆಚ್ಚು ಇಂಗ್ಲಿಷು ಬೇಕಾಗಲಿಲ್ಲ. ಅವನು ಬಹಳ ನೊಂದು ಬರೆದ. ಜೊತೆಗೆ ಒಂದು ವಿಷಯ ತಿಳಿಸಿದ. ಅವರಲ್ಲಿ ಒಂದು ಪದ್ಧತಿ ಇದೆ — ಯಾವುದೇ ದುರಸ್ತಿ ಲಿನಕ್ಸ್ ಒಳಗೆ ಸೇರುವಾಗ ಅದರ ಕೆಳಗೆ ಹೆಸರು ಬರೆಯುತ್ತಾರೆ. ತೊಂದರೆ ತಿಳಿಸಿದವರು ಇಂಥವರು, ಹಾಕಿ ನೋಡಿದವರು ಇಂಥವರು. ಮೊದಲ ಸಾಲಿನಲ್ಲಿ ಕ್ರಾಂತಿಯ ಹೆಸರು ಬರೆದಿದ್ದಾನೆ. ಎರಡನೆಯ ಸಾಲು ಖಾಲಿ. ಯಾರಾದರೂ ಹಾಕಿ ನೋಡಿ ಸದ್ದು ಬಂತು ಅನ್ನುವವರೆಗೆ ಅದು ಒಳಗೆ ಹೋಗುವುದಿಲ್ಲ. ನಮ್ಮಂಥವರಿಗೂ ಆಗಲಿ ಅಂತ ಆ ದುರಸ್ತಿಯನ್ನು ಸುಲಭವಾಗಿ ಹಾಕುವ ಹಾಗೆ ಕಟ್ಟಿ ಕಳಿಸಿದ.

ಹೋದ ವಾರ ಬಾಗಳಿಯಲ್ಲಿ ನಾನೂ ಅರುಣ್ ಕುಮಾರ್ ಅವರೂ ಕೂತು ಹಾಕಿದೆವು. ಸದ್ದು ಪರೀಕ್ಷೆ ಮಾಡಲು ಎರಡು ಗುಂಡಿ ಇರುತ್ತವೆ. ಎಡದ್ದು ಒತ್ತಿದೆ. "ಫ್ರಂಟ್ ಲೆಫ್ಟ್" ಅಂತ ಒಬ್ಬ ಹೆಣ್ಣುಮಗಳು ಮಾತಾಡಿದಳು! ಮಷಿನ್ನಿನ ಒಳಗಿಂದ, ಇಯರ್‌ಫೋನ್ ಇಲ್ಲದೆ! ಬಲದ್ದು ಒತ್ತಿದೆ. —

ಏನೂ ಇಲ್ಲ. ಮತ್ತೆ ಒತ್ತಿದೆ. ಇಲ್ಲ. ಈ ಸಲ ಕುಂಕುಮವೂ ಇರಲಿಲ್ಲ, ನೋಡಿದೆ.

ಅರುಣ್ ಕುಮಾರ್ ಹೇಳಿದರು, ಅವರು ಪ್ರೀತಿಯಿಂದಲೇ ಹೇಳಿದ್ದು: "ಕಾಕಾ, ಬಂತು ಅಂತ ಬರ‍್ದುಬಿಡ್ರಿ. ಒಂದು ಬಂದೈತಲ್ಲ? ಆಕೀ ಹೆಸರು ಮೊದ್ಲು ಒಳಗ ಸೇರ‍್ಲಿ. ಉಳಿದದ್ದು ಆಮ್ಯಾಲೆ ನೋಡಿದ್ರಾತು."

ನನಗೂ ಹಾಗೇ ಅನ್ನಿಸಿತು. ಯಾರಿಗೆ ಅನ್ನಿಸುವುದಿಲ್ಲ ಹೇಳಿ? ಈ ಸಭೆಯ ಹೊತ್ತಿಗೆ, ಅವಳ ಹೆಸರು ಸೇರಿತು ಅಂತ ಜೋಗಮ್ಮನವರ ಮುಂದೆ ಹೇಳಬಹುದಿತ್ತು. ಆದರೂ ಅವಳ ಗಂಡ ತಿಪ್ಪೇಶನನ್ನು ಒಂದು ಮಾತು ಕೇಳೋಣ ಅಂತ ಫೋನ್ ಮಾಡಿದೆ. ಅವನು ಹೇಳಿದ್ದು ಇಷ್ಟು —

"ಬ್ಯಾಡ್ರಿ ಕಾಕಾ. ಬರ‍್ಲಿಲ್ಲ, ಬರ‍್ಲಿಲ್ಲ ಅಂತ ಬರ‍್ಕೊಂತ ವರ್ಷ ಕಳದಾಳ ಆಕಿ. ಒಂದ್ಸಲಾನೂ ಸುಳ್ಳು ಬರ‍್ದಿಲ್ಲ. ಈಗ ಆಕೀ ಹೆಸರಿನ ಬುಡಕ ಸುಳ್ಳು ಇಡ್ತೀರೇನು? ಇದ್ದದ್ದು ಇದ್ದಂಗ ಬರೀರಿ."

ಬರೆದೆ. ಎಡ ಬಂತು, ಬಲ ಬರಲಿಲ್ಲ. ಆದ್ದರಿಂದ ಇವತ್ತು ನಿಮ್ಮ ಮುಂದೆ ನಿಂತು ಹೇಳಬೇಕಾಗಿದೆ — ಕ್ರಾಂತಿಯ ಹೆಸರು ಇನ್ನೂ ಒಳಗೆ ಸೇರಿಲ್ಲ. ಉಚ್ಚಂಗೆಮ್ಮಜ್ಜಿ ಇನ್ನೂ ಒಂದೇ ಕಿವಿಯಲ್ಲಿ ಕೇಳುತ್ತಿದ್ದಾರೆ. ಹೇಳಲು ಸಂಕಟವಾಗುತ್ತದೆ, ಆದರೆ ಇದು ನಿಜ.

ನಿನ್ನೆ ಆ ಮನುಷ್ಯನ ಉತ್ತರ ಬಂತು. ಸರಿಯಾಗಿ ತಿಳಿಸಿದ್ದಕ್ಕೆ ಉಪಕಾರ ಹೇಳಿದ್ದಾನೆ. ಹಾಗೇ ಸೇರಿಸಿದ್ದರೆ ಬಲಗಡೆಯದನ್ನು ಮತ್ತೆ ಯಾರೂ ವಿಚಾರಿಸುತ್ತಿರಲಿಲ್ಲವಂತೆ. ಈಗ ಅವನಿಗೆ ತಿಳಿಯಬೇಕಾದ್ದು ಒಂದೇ: ಬಾಗಳಿಯ ಮಷಿನ್ನಿನ ಬಲ ಸ್ಪೀಕರ್ ಹರಿದಿದೆಯೋ, ಅಥವಾ ಎಲ್ಲ ಮಷಿನ್ನಿನಲ್ಲೂ ಹೀಗೆಯೋ? ಒಂದರಿಂದ ಇದು ಗೊತ್ತಾಗುವುದಿಲ್ಲ. ನಿಮ್ಮ ನಿಮ್ಮ ಕಪಾಟಿನ ಮೇಲಿರುವ ಮಷಿನ್ನುಗಳೇ ಹೇಳಬೇಕು.

ಹಾಕುವ ಕ್ರಮವನ್ನು ಕನ್ನಡದಲ್ಲಿ ನಿಮ್ಮೆಲ್ಲರ ಫೋನಿಗೆ ಕಳಿಸಿದ್ದೇನೆ. ತಿಳಿಯದಿದ್ದರೆ ನನ್ನನ್ನು ಕೇಳಿ. ನಾನು ಕೈಯಿಂದ ಕಿತ್ತುಕೊಳ್ಳುವುದಿಲ್ಲ, ನನಗೂ ಅಷ್ಟು ಬೇಗ ಬರುವುದಿಲ್ಲ. ಎಡ ಒತ್ತಿ, ಬಲ ಒತ್ತಿ. ಕೇಳಿದ್ದನ್ನು ಬರೆಯಿರಿ, ಕೇಳದ್ದನ್ನೂ ಬರೆಯಿರಿ. ಕನ್ನಡದಲ್ಲಿ ಬರೆದರೂ ಸಾಕು, ನಾನು ಹೇಗೋ ದಾಟಿಸುತ್ತೇನೆ. ಅವಳ ಹೆಸರಿನ ಕೆಳಗಿನ ಸಾಲು ಖಾಲಿ ಇದೆ. ಅಲ್ಲಿ ಕೊಟ್ಟೂರು ಬರಲಿ, ಹಡಗಲಿ ಬರಲಿ, ಕೂಡ್ಲಿಗಿ ಬರಲಿ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ಫೋನುಗಳನ್ನು ಸುಮ್ಮನಿರಿಸಿ. ಕಣ್ಣು ಮುಚ್ಚಬೇಕೆಂದಿಲ್ಲ, ಅವಳ ಫೋಟೊ ನೋಡುತ್ತಲೇ ನಿಲ್ಲಬಹುದು. ಮೌನ ಮುಗಿದ ಮೇಲೆ ಊಟ ಮಾಡಿಕೊಂಡು ಹೊರಡಿ. ಊರು ಮುಟ್ಟಿದ ಮೇಲೆ ಮಷಿನ್ ಕೆಳಗಿಳಿಸಿ, ಧೂಳು ಒರೆಸಿ, ಹಾಕಿ ನೋಡಿ — ನನಗೆ ಬರೆಯಿರಿ. ತಡ ಮಾಡಬೇಡಿ, ಬೇಗ ಬರೆಯಿರಿ.